ಹೆಸರು ಹೇಳದ ಚಕ್ರವರ್ತಿ, ಹೆಸರು ಬರೆದಿಟ್ಟ ಲಿಪಿಕಾರ

ಮೊಳಕಾಲ್ಮುರು: ರೇಷ್ಮೆ ಸೀರೆಗಳಿಂದ ನಾಡಿಗೆಲ್ಲ ಪರಿಚಿತವಾದ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನಲ್ಲಿ ಸುಮಾರು 2,300 ವರ್ಷಗಳಷ್ಟು ಹಳೆಯದಾದ ಬರಹವೊಂದಿದೆ. ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಎಂಬ ಮೂರು ನೆಲೆಗಳ ಬಂಡೆಗಳ ಮೇಲೆ ಅದನ್ನು ಕೊರೆಯಲಾಗಿದೆ. ಭಾರತದ ಬಹುಭಾಗವನ್ನು ಆಳಿದ ಮೌರ್ಯ ಚಕ್ರವರ್ತಿ ಅಶೋಕನ ಆಜ್ಞೆ ಅದು. ಆದರೆ ಆ ಮೂರು ಬಂಡೆಗಳಲ್ಲಿ ಎಲ್ಲಿಯೂ ಅಶೋಕ ಎಂಬ ಹೆಸರಿಲ್ಲ. ದೇವರಿಗೆ ಪ್ರಿಯನಾದವನು ಎಂಬ ಅರ್ಥದ ದೇವಾನಾಂಪ್ರಿಯ ಎಂಬ ಬಿರುದು ಮಾತ್ರ ಅಲ್ಲಿದೆ. ಅದೇ ಬರಹದ ಕೊನೆಯಲ್ಲಿ ಅಕ್ಷರಗಳನ್ನು ಬರೆದ ಸಾಮಾನ್ಯ ನೌಕರನೊಬ್ಬ ತನ್ನ ಸ್ವಂತ ಹೆಸರನ್ನು ದಾಖಲಿಸಿದ್ದಾನೆ. ಅವನ ಹೆಸರು ಚಪಡ.

ಬರೆಯುವವನು ಸ್ವಂತ ಹೆಸರಿನಲ್ಲಿ ಬರೆಯಬೇಕೆ ಅಥವಾ ಬೇರೊಂದು ಹೆಸರನ್ನು ಧರಿಸಬಹುದೆ ಎಂಬ ಚರ್ಚೆ ಇಂದಿನದು ಎಂಬ ಭಾವನೆ ಸಾಮಾನ್ಯವಾಗಿದೆ. ಆ ಚರ್ಚೆಯ ಅತಿ ಹಳೆಯ ಸಾಕ್ಷ್ಯಗಳಲ್ಲೊಂದು ಕನ್ನಡ ನೆಲದ ಬಂಡೆಯ ಮೇಲೆಯೇ ಇದೆ ಎಂಬುದು ಗಮನಾರ್ಹ. ಬಿರುದಿನ ಹಿಂದೆ ನಿಂತು ಬರೆಸಿದ ಆ ದೊರೆಯ ಬದುಕು, ಹೆಸರು ಉಳಿಯುವುದು ಮತ್ತು ಅಳಿಯುವುದು ಹೇಗೆ ಎಂಬುದರ ಕಥೆಯೂ ಆಗಿದೆ.

ರಾಜಕುಮಾರನಿಂದ ಚಕ್ರವರ್ತಿ

ಅಶೋಕನು ಮೌರ್ಯ ವಂಶದ ಸ್ಥಾಪಕ ಚಂದ್ರಗುಪ್ತನ ಮೊಮ್ಮಗ, ಬಿಂದುಸಾರನ ಮಗ. ಶೋಕವಿಲ್ಲದವನು ಎಂಬುದು ಆ ಹೆಸರಿನ ಅರ್ಥ. ಅವನ ಬಾಲ್ಯದ ಬಗ್ಗೆ ಇಂದು ತಿಳಿದಿರುವುದೆಲ್ಲ ಬಹಳ ಕಾಲದ ನಂತರ ರಚಿತವಾದ ಬೌದ್ಧ ಗ್ರಂಥಗಳಿಂದ ಬಂದದ್ದು. ಆ ಗ್ರಂಥಗಳ ಪ್ರಕಾರ ತಂದೆಯ ಕಾಲದಲ್ಲಿ ಅವನು ಉಜ್ಜಯಿನಿಯಲ್ಲಿ ರಾಜಪ್ರತಿನಿಧಿಯಾಗಿದ್ದನು. ತಕ್ಷಶಿಲೆಯಲ್ಲಿ ಎದ್ದ ದಂಗೆಯನ್ನು ಶಮನಗೊಳಿಸಲು ಅವನನ್ನು ಕಳುಹಿಸಲಾಗಿತ್ತು. ವಿದಿಶೆಯ ದೇವಿ ಎಂಬುವಳನ್ನು ವರಿಸಿದನು. ಮಹೇಂದ್ರ ಮತ್ತು ಸಂಘಮಿತ್ರೆ ಅವಳ ಮಕ್ಕಳು.

ಬಿಂದುಸಾರನ ಮರಣಾನಂತರ ಸಿಂಹಾಸನಕ್ಕಾಗಿ ಕಲಹ ನಡೆಯಿತು. ಸಿಂಹಳದ ಗ್ರಂಥಗಳು ಅಶೋಕನು ಅಧಿಕಾರ ಹಿಡಿದ ನಾಲ್ಕು ವರ್ಷಗಳ ನಂತರವಷ್ಟೇ ಪಟ್ಟಾಭಿಷಿಕ್ತನಾದನೆಂದು ಹೇಳುತ್ತವೆ. ತೊಂಬತ್ತೊಂಬತ್ತು ಮಂದಿ ಸೋದರರನ್ನು ಅವನು ಕೊಲ್ಲಿಸಿದನೆಂಬ ಕಥೆಯೂ ಅಲ್ಲಿದೆ. ಆದರೆ ಅವನ ಶಾಸನವೊಂದು ಸೋದರ ಸೋದರಿಯರ ಮನೆವಾರ್ತೆಗಳ ಮೇಲ್ವಿಚಾರಣೆಗೆ ಅಧಿಕಾರಿಗಳನ್ನು ನೇಮಿಸಿದ್ದನ್ನು ತಿಳಿಸುವುದರಿಂದ, ಆ ಕಥೆಯನ್ನು ಇತಿಹಾಸಕಾರರು ಹಾಗೆಯೇ ಒಪ್ಪುವುದಿಲ್ಲ. ಕ್ರೂರಿಯಾಗಿದ್ದ ಚಂಡಾಶೋಕ ಧರ್ಮಾಶೋಕನಾದ ಎಂದು ತೋರಿಸುವ ಸಲುವಾಗಿ ಮೊದಲಿನ ಕ್ರೌರ್ಯವನ್ನು ಹಿಗ್ಗಿಸಲಾಗಿದೆ ಎಂಬುದು ಅವರ ಅಭಿಪ್ರಾಯ. ಪಟ್ಟಾಭಿಷೇಕದ ಕಾಲ ಸುಮಾರು ಕ್ರಿ.ಪೂ. 268 ಎಂದು ಗಣಿಸಲಾಗಿದೆ.

ಕಳಿಂಗದ ಲೆಕ್ಕ

ಪಟ್ಟವೇರಿ ಎಂಟು ವರ್ಷಗಳಾದಾಗ ಅಶೋಕನು ಇಂದಿನ ಒಡಿಶಾ ಪ್ರದೇಶದ ಕಳಿಂಗದ ಮೇಲೆ ದಂಡೆತ್ತಿ ಹೋದನು. ಯುದ್ಧದ ಪರಿಣಾಮವನ್ನು ಅವನ ಹದಿಮೂರನೆಯ ಬೃಹತ್ ಶಿಲಾಶಾಸನ ಅಂಕಿಗಳಲ್ಲಿಯೇ ಹೇಳುತ್ತದೆ. ಸೆರೆಯಾಗಿ ಗಡೀಪಾರಾದವರು 1,50,000 ಮಂದಿ, ಹತರಾದವರು 1,00,000 ಮಂದಿ. ಬೇರೆ ಕಾರಣಗಳಿಂದ ಸತ್ತವರು ಅದರ ಹಲವು ಪಟ್ಟು. ಗೆದ್ದ ದೊರೆಯೊಬ್ಬ ತನ್ನ ವಿಜಯವನ್ನು ದುಃಖದ ಲೆಕ್ಕವಾಗಿ ಬರೆಸಿದ ಇಂತಹ ಉದಾಹರಣೆ ಪ್ರಾಚೀನ ಜಗತ್ತಿನಲ್ಲಿ ಅಪರೂಪ. ಆ ಸಾವು ನೋವುಗಳಿಂದ ತನಗಾದ ಪಶ್ಚಾತ್ತಾಪವನ್ನು ಅವನು ಮುಚ್ಚಿಡಲಿಲ್ಲ. ಮುಂದೆ ಧರ್ಮದಿಂದ ಗೆಲ್ಲುವುದೇ ನಿಜವಾದ ಗೆಲುವೆಂದು ಸಾರಿದನು.

ಇಲ್ಲಿ ಹೆಸರಿನ ಪ್ರಶ್ನೆ ಮೊದಲ ಬಾರಿಗೆ ಎದುರಾಗುತ್ತದೆ. ಪಶ್ಚಾತ್ತಾಪ ವ್ಯಕ್ತಿಯೊಬ್ಬನಿಗೆ ಸೇರಿದ್ದು, ಪದವಿಗೆ ಸೇರಿದ್ದಲ್ಲ. ಆದರೆ ಆ ಶಾಸನ ಮಾತನಾಡುವುದು ದೇವಾನಾಂಪ್ರಿಯ ಪ್ರಿಯದರ್ಶಿ ರಾಜನ ಬಾಯಿಂದ. ಪ್ರಿಯದರ್ಶಿ ಎಂದರೆ ಎಲ್ಲವನ್ನೂ ಪ್ರೀತಿಯಿಂದ ಕಾಣುವವನು. ಲಕ್ಷ ಜನರ ಸಾವಿನ ಹೊಣೆಯನ್ನು ಹೊರುವ ಬರಹಕ್ಕೆ ಅಂತಹ ಮಂಗಳಕರವಾದ ಬಿರುದನ್ನು ಅಂಕಿತವಾಗಿ ಇಡಲಾಗಿದೆ.

ಇನ್ನೊಂದು ಸಂಗತಿಯೂ ಉಂಟು. ಕಳಿಂಗದೊಳಗೇ ಇರುವ ಧೌಲಿ ಮತ್ತು ಜೌಗಡದ ಬಂಡೆಗಳ ಮೇಲೆ ಈ ಹದಿಮೂರನೆಯ ಶಾಸನವನ್ನು ಕೊರೆಯಿಸಲಿಲ್ಲ. ಅದರ ಸ್ಥಾನದಲ್ಲಿ ಎಲ್ಲ ಪ್ರಜೆಗಳೂ ತನ್ನ ಮಕ್ಕಳೆಂದು ಸಾರುವ, ಅಧಿಕಾರಿಗಳು ಯಾರನ್ನೂ ವಿನಾಕಾರಣ ಹಿಂಸಿಸಕೂಡದೆಂದು ಎಚ್ಚರಿಸುವ ಪ್ರತ್ಯೇಕ ಶಾಸನಗಳಿವೆ. ತಪ್ಪೊಪ್ಪಿಗೆಯನ್ನು ಸಾಮ್ರಾಜ್ಯದ ಬೇರೆ ಮೂಲೆಗಳಲ್ಲಿ ಓದಬಹುದಿತ್ತು. ಗಾಯಗೊಂಡ ನಾಡಿನಲ್ಲಿ ಮಾತ್ರ ಅದಿರಲಿಲ್ಲ. ಸೋತವರ ಗಾಯವನ್ನು ಮತ್ತೆ ಕೆದಕಬಾರದೆಂಬ ವಿವೇಕವನ್ನು ಅದರಲ್ಲಿ ಕಂಡವರಿದ್ದಾರೆ. ಆಡಳಿತದ ಜಾಣತನವನ್ನು ಕಂಡವರೂ ಇದ್ದಾರೆ.

ಇಸಿಲಕ್ಕೆ ಬಂದ ಆಜ್ಞೆ

ಮೊಳಕಾಲ್ಮುರು ತಾಲ್ಲೂಕಿನ ಶಾಸನಗಳು ಅಶೋಕನ ಬರಹಗಳಲ್ಲಿ ಅತ್ಯಂತ ಮೊದಲಿನವುಗಳ ಗುಂಪಿಗೆ ಸೇರಿದವು. ಇವುಗಳನ್ನು ಲಘು ಶಿಲಾಶಾಸನಗಳೆಂದು ಕರೆಯಲಾಗುತ್ತದೆ. ಬರಹದ ಆರಂಭವೇ ಆಡಳಿತದ ಏಣಿಯನ್ನು ತೋರಿಸುತ್ತದೆ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸಿ, ಆನಂತರ ದೇವಾನಾಂಪ್ರಿಯನ ಆಜ್ಞೆಯನ್ನು ತಿಳಿಸುತ್ತಾರೆ. ಬ್ರಹ್ಮಗಿರಿಯ ಬಳಿ ಇದ್ದ ಪಟ್ಟಣವೇ ಇಸಿಲ ಎಂದು ಗುರುತಿಸಲಾಗಿದೆ. ಆ ಸ್ಥಳನಾಮ ಕನ್ನಡದ್ದೇ ಇರಬೇಕೆಂಬುದು ಕನ್ನಡ ವಿದ್ವಾಂಸರ ವಾದ. 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ನಡೆಸಿದ ಉತ್ಖನನದಲ್ಲಿ ಕಬ್ಬಿಣ ಬಳಸುತ್ತಿದ್ದ, ದೊಡ್ಡ ಕಲ್ಲುಗಳಿಂದ ಸಮಾಧಿ ಕಟ್ಟುತ್ತಿದ್ದ ಜನರ ಕುರುಹುಗಳು ದೊರೆತವು.

ಆಜ್ಞೆಯ ಸಾರ ಸರಳವಾದದ್ದು. ದೊರೆ ಉಪಾಸಕನಾಗಿ ಎರಡೂವರೆ ವರ್ಷಗಳಿಗೂ ಹೆಚ್ಚಾಯಿತು. ಮೊದಲ ಒಂದು ವರ್ಷ ಅವನ ಶ್ರದ್ಧೆ ಸಾಲದಾಗಿತ್ತು. ಸಂಘದ ಸಂಪರ್ಕಕ್ಕೆ ಬಂದ ಮೇಲೆ ಒಂದು ವರ್ಷಕ್ಕೂ ಮೀರಿ ಶ್ರಮಿಸಿದ್ದಾನೆ. ಅದರ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಸಣ್ಣವರಿಗೂ ದೊರೆಯುವಂಥದ್ದು. ತಂದೆ ತಾಯಿಯರ ಮಾತನ್ನು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯರು ಗುರುಗಳನ್ನು ಗೌರವಿಸಬೇಕು. ಚಕ್ರವರ್ತಿಯೊಬ್ಬ ತಾನು ಒಂದು ವರ್ಷ ಉದಾಸೀನನಾಗಿದ್ದೆನೆಂದು ದೂರದ ಗಡಿಯ ಅಧಿಕಾರಿಗಳಿಗೆ ತಿಳಿಸುವುದು ಸಣ್ಣ ಸಂಗತಿಯಲ್ಲ. ಅಷ್ಟು ಆತ್ಮೀಯವಾದ ಮಾತಿಗೂ ಅವನು ಬಳಸಿದ್ದು ಬಿರುದನ್ನೇ. ಪ್ರಿಯದರ್ಶಿ ಎಂಬ ಎರಡನೆಯ ಹೆಸರು ಕೂಡ ಇಲ್ಲಿಲ್ಲ.

ಬಲದಿಂದ ಎಡಕ್ಕೆ ಬರೆದವನು

ಬ್ರಹ್ಮಗಿರಿಯ ಶಾಸನ ಪ್ರಾಕೃತ ಭಾಷೆಯಲ್ಲಿ, ಎಡದಿಂದ ಬಲಕ್ಕೆ ಸಾಗುವ ಬ್ರಾಹ್ಮೀ ಲಿಪಿಯಲ್ಲಿದೆ. ಕೊನೆಯ ಸಾಲಿನಲ್ಲಿ ಚಪಡನು ಇದನ್ನು ತಾನು ಬರೆದುದಾಗಿ ತಿಳಿಸುತ್ತಾನೆ. ಲಿಪಿಕಾರ ಎಂಬ ತನ್ನ ವೃತ್ತಿಯ ಹೆಸರನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠೀ ಲಿಪಿಯಲ್ಲಿ ಬರೆದಿದ್ದಾನೆ. ಖರೋಷ್ಠೀ ಅಂದು ಗಾಂಧಾರ ಪ್ರದೇಶದಲ್ಲಿ, ಅಂದರೆ ಸಾಮ್ರಾಜ್ಯದ ವಾಯವ್ಯ ತುದಿಯಲ್ಲಿ ಬಳಕೆಯಲ್ಲಿದ್ದ ಲಿಪಿ. ಚಪಡನು ಅಲ್ಲಿಂದಲೇ ಬಂದವನಿರಬಹುದು, ಇಲ್ಲವೆ ಆ ಲಿಪಿಯನ್ನು ಬಲ್ಲ ಗುಮಾಸ್ತರಲ್ಲಿ ಪಳಗಿದವನಿರಬಹುದು.

ಸುತ್ತಮುತ್ತ ಯಾರಿಗೂ ಓದಲು ಬಾರದ ಲಿಪಿಯಲ್ಲಿ ಅವನು ಆ ಒಂದು ಪದವನ್ನು ಏಕೆ ಬರೆದ ಎಂಬುದಕ್ಕೆ ಶಾಸನದಲ್ಲಿ ಉತ್ತರವಿಲ್ಲ. ಆದರೆ ಪರಿಣಾಮ ಸ್ಪಷ್ಟವಾಗಿದೆ. ಆಜ್ಞೆ ಕೊಟ್ಟವನು ಪದವಿಯಾಗಿ ಉಳಿದ, ಬರೆದುಕೊಂಡವನು ಮನುಷ್ಯನಾಗಿ ಉಳಿದ. ಚಪಡನ ತಂದೆ ಯಾರು, ಊರು ಯಾವುದು ಎಂಬುದು ತಿಳಿದಿಲ್ಲ. ಆದರೂ ಅವನು ಯಾರೆಂದು ಕಂಡುಹಿಡಿಯಲು ಯಾವ ವಿದ್ವಾಂಸನೂ ಸಂಶೋಧನೆ ನಡೆಸಬೇಕಾಗಲಿಲ್ಲ. ದೊರೆಯ ವಿಷಯದಲ್ಲಿ ಅದು ಅನಿವಾರ್ಯವಾಯಿತು.

ಪರರಿಗೆ ಹೆಸರು, ತನಗೆ ಬಿರುದು

ಅಶೋಕನು ಹೆಸರುಗಳ ಬಗ್ಗೆ ಉದಾಸೀನನಾಗಿದ್ದವನಲ್ಲ. ಹದಿಮೂರನೆಯ ಶಾಸನದಲ್ಲಿ ಐವರು ಯವನ ರಾಜರನ್ನು ಅವರ ಸ್ವಂತ ಹೆಸರುಗಳಿಂದಲೇ ಉಲ್ಲೇಖಿಸಿದ್ದಾನೆ. ಆಂಟಿಯೋಕಸ್, ಟಾಲೆಮಿ, ಆಂಟಿಗೋನಸ್, ಮಗಾಸ್ ಮತ್ತು ಅಲೆಕ್ಸಾಂಡರ್ ಎಂಬ ಆ ಹೆಸರುಗಳಿಂದಲೇ ಅಶೋಕನ ಕಾಲವನ್ನು ನಿರ್ಧರಿಸಲು ಸಾಧ್ಯವಾಯಿತು. ಅಲಹಾಬಾದಿನ ಸ್ತಂಭದ ಮೇಲಿನ ಶಾಸನವೊಂದು ದಾನಗಳನ್ನು ತೀವರನ ತಾಯಿ, ಎರಡನೆಯ ರಾಣಿ ಕಾರುವಾಕಿಯ ಹೆಸರಿನಲ್ಲಿ ದಾಖಲಿಸಬೇಕೆಂದು ಆಜ್ಞಾಪಿಸುತ್ತದೆ. ರಾಣಿ ಕೊಟ್ಟ ದಾನಕ್ಕೆ ರಾಣಿಯ ಹೆಸರೇ ಇರಬೇಕೆಂದು ಬಯಸಿದ ಅರಮನೆಯಲ್ಲಿ, ರಾಜನ ಮಾತಿಗೆ ಮಾತ್ರ ರಾಜನ ಹೆಸರಿರಲಿಲ್ಲ.

ಓದುಗರು ಯಾರೆಂಬುದನ್ನು ನೋಡಿ ಅವನು ಬಿರುದನ್ನು ಬದಲಿಸುತ್ತಿದ್ದನು ಎಂಬುದಕ್ಕೂ ನಿದರ್ಶನವಿದೆ. ರಾಜಸ್ಥಾನದ ಬೈರಾಟದಲ್ಲಿ ದೊರೆತ ಶಾಸನದಲ್ಲಿ ಭಿಕ್ಷು ಸಂಘಕ್ಕೆ ನಮಸ್ಕರಿಸುವಾಗ ದೇವರಿಗೆ ಪ್ರಿಯನೆಂಬ ವಿಶೇಷಣವನ್ನು ಬಿಟ್ಟು, ಮಗಧದ ರಾಜ ಪ್ರಿಯದರ್ಶಿ ಎಂದಷ್ಟೇ ಹೇಳಿಕೊಂಡಿದ್ದಾನೆ. ಅಫ್ಘಾನಿಸ್ತಾನದ ಕಂದಹಾರದಲ್ಲಿ 1958ರಲ್ಲಿ ಬೆಳಕಿಗೆ ಬಂದ ಗ್ರೀಕ್ ಮತ್ತು ಅರಾಮಿಕ್ ಶಾಸನದಲ್ಲಿ ಪ್ರಿಯದರ್ಶಿ ಎಂಬುದೇ ಗ್ರೀಕರ ಉಚ್ಚಾರಣೆಗೆ ಹೊಂದಿಕೊಂಡು ಪಿಯೋದಾಸೆಸ್ ಎಂದಾಗಿದೆ.

ಹಾಗೆಂದು ಅಶೋಕನು ತನ್ನನ್ನು ಮರೆಮಾಡಿಕೊಂಡನೆಂದು ಹೇಳುವುದು ನ್ಯಾಯವಲ್ಲ. ಅವನ ಕಾಲದಲ್ಲಿ ದೇವಾನಾಂಪ್ರಿಯ ಯಾರೆಂಬುದು ಇಸಿಲದ ಅಧಿಕಾರಿಗಳಿಗೆ ಗೊತ್ತೇ ಇತ್ತು. ಬಿರುದಿಗೆ ಆಡಳಿತದ ಉಪಯೋಗವೂ ಇತ್ತು. ಆಜ್ಞೆ ಪೀಠದಿಂದ ಬಂದದ್ದು, ಪೀಠದಲ್ಲಿ ಇಂದು ಕುಳಿತವನಿಂದಲ್ಲ ಎಂಬ ಭಾವನೆ ಜನರಲ್ಲಿ ಮೂಡಿದರೆ ಆಜ್ಞೆ ಅವನ ಆಯುಷ್ಯವನ್ನು ಮೀರಿ ಬಾಳುತ್ತದೆ. ಶಾಸನಗಳು ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ಉಳಿಯಬೇಕೆಂಬುದು ಅವನ ಆಸೆಯಾಗಿತ್ತು. ಬಿರುದು ಮುಖವಾಡವಾದದ್ದು ಬರೆಸಿದವನಿಂದಲ್ಲ, ಅವನನ್ನು ಬಲ್ಲವರು ತೀರಿಕೊಂಡದ್ದರಿಂದ.

ಎಮ್ಮೆ ಮಂದೆಯ ತಿಮ್ಮಯ್ಯನ ಗುಂಡು

ಅಶೋಕನು ಸುಮಾರು ಕ್ರಿ.ಪೂ. 232ರಲ್ಲಿ ತೀರಿಕೊಂಡನು. ಕೊನೆಗಾಲದಲ್ಲಿ ಮಂತ್ರಿಗಳು ಅವನ ದಾನಗಳಿಗೆ ತಡೆಯೊಡ್ಡಿದರೆಂದೂ, ತನ್ನದೆಂದು ಹೇಳಿಕೊಳ್ಳಲು ಅರ್ಧ ನೆಲ್ಲಿಕಾಯಿಯಷ್ಟೇ ಉಳಿದಿದ್ದು ಅದನ್ನೂ ಸಂಘಕ್ಕೆ ಕೊಟ್ಟನೆಂದೂ ಬೌದ್ಧ ಕಥೆ ಹೇಳುತ್ತದೆ. ಅವನ ನಂತರ ಅರ್ಧ ಶತಮಾನದೊಳಗೆ ಮೌರ್ಯ ಸಾಮ್ರಾಜ್ಯ ಕುಸಿಯಿತು. ಮೊಮ್ಮಗ ದಶರಥನೂ ದೇವಾನಾಂಪ್ರಿಯ ಎಂಬ ಬಿರುದನ್ನು ಧರಿಸಿದನು. ಸಿಂಹಳದ ರಾಜ ತಿಸ್ಸನೂ ಅದೇ ಬಿರುದಿನಿಂದ ಪ್ರಸಿದ್ಧನಾದನು. ಹಲವರು ಧರಿಸಬಹುದಾದ ಬಿರುದಿನಿಂದ ಒಬ್ಬನನ್ನು ಗುರುತಿಸುವುದು ಕಷ್ಟವಾಯಿತು. ಮುಂದೆ ಸಂಸ್ಕೃತ ವೈಯಾಕರಣರ ಕೈಯಲ್ಲಿ ದೇವಾನಾಂಪ್ರಿಯ ಎಂಬ ಪದಕ್ಕೆ ಮೂರ್ಖ ಎಂಬ ಅರ್ಥವೂ ಅಂಟಿಕೊಂಡಿತು.

ಬ್ರಾಹ್ಮೀ ಲಿಪಿಯನ್ನು ಓದುವವರೇ ಇಲ್ಲವಾದಾಗ ಮೊಳಕಾಲ್ಮುರು ಸೀಮೆಯ ಜನ ಆ ಬಂಡೆಗಳಿಗೆ ತಮಗೆ ತೋರಿದ ಹೆಸರುಗಳನ್ನು ಇಟ್ಟರು. ಬ್ರಹ್ಮಗಿರಿಯದು ಅಕ್ಷರಗುಂಡು ಎನಿಸಿಕೊಂಡಿತು. ಓದಲು ಬಾರದಿದ್ದರೂ ಅದು ಬರಹವೆಂಬ ತಿಳಿವಳಿಕೆ ಜನರಲ್ಲಿತ್ತು. ಜಟಿಂಗ ರಾಮೇಶ್ವರದ ಬಂಡೆಯ ಬಳಿ ಜಾತ್ರೆಯ ಕಾಲದಲ್ಲಿ ಬಳೆಗಾರರು ಅಂಗಡಿ ಹಾಕುತ್ತಿದ್ದುದರಿಂದ ಅದು ಬಳೆಗಾರ ಗುಂಡಾಯಿತು. ಜನರ ಓಡಾಟದಿಂದ ಅಲ್ಲಿನ ಅಕ್ಷರಗಳು ಬಹಳವಾಗಿ ಸವೆದಿವೆ. ಸಿದ್ದಾಪುರದ ಬಂಡೆಗಳಿಗೆ ಎಮ್ಮೆ ಮಂದೆಯ ತಿಮ್ಮಯ್ಯನ ಗುಂಡ್ಲು ಎಂಬ ಹೆಸರು ಬಿದ್ದಿತ್ತು. ಚಕ್ರವರ್ತಿಯ ಆಜ್ಞೆ ಎಮ್ಮೆ ಕಾಯುವವನ ಹೆಸರಿನಲ್ಲಿ ಉಳಿದುಕೊಂಡಿತು.

ಹೆಸರು ಮರಳಿ ಬಂದದ್ದು

1837ರಲ್ಲಿ ಕಲ್ಕತ್ತಾದ ಟಂಕಸಾಲೆಯ ಅಧಿಕಾರಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಓದುವಲ್ಲಿ ಯಶಸ್ವಿಯಾದನು. ದೇಶದ ಮೂಲೆಮೂಲೆಯ ಕಂಬ, ಬಂಡೆಗಳಲ್ಲಿ ಪ್ರಿಯದರ್ಶಿ ಎಂಬ ಒಬ್ಬನೇ ರಾಜ ಕಾಣಿಸಿಕೊಂಡನು. ಆದರೆ ಪುರಾಣಗಳ ರಾಜರ ಪಟ್ಟಿಯಲ್ಲಿ ಆ ಹೆಸರೇ ಇರಲಿಲ್ಲ. ಅವನು ಸಿಂಹಳದ ತಿಸ್ಸನಿರಬೇಕೆಂದು ಪ್ರಿನ್ಸೆಪ್ ಮೊದಲು ಊಹಿಸಿದ್ದನು. ಅದೇ ವರ್ಷ ಸಿಂಹಳದಲ್ಲಿ ಸರಕಾರಿ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರ್, ಪಾಲಿ ಭಾಷೆಯ ದೀಪವಂಸ ಎಂಬ ಗ್ರಂಥದಲ್ಲಿ ಪ್ರಿಯದರ್ಶಿ ಎಂಬುದು ಚಂದ್ರಗುಪ್ತನ ಮೊಮ್ಮಗ ಅಶೋಕನ ಮತ್ತೊಂದು ಹೆಸರೆಂಬ ಆಧಾರವನ್ನು ಕಂಡನು. ಎರಡು ಸಾವಿರ ವರ್ಷಗಳ ಗಂಟು ಬಿಚ್ಚಿತು. ಆದರೆ ಅದು ಗ್ರಂಥದ ಸಾಕ್ಷ್ಯವಾಗಿತ್ತು, ಶಿಲೆಯ ಸಾಕ್ಷ್ಯವಲ್ಲ.

ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ, ಬೆಂಗಳೂರಿನಲ್ಲಿಯೇ ಜನಿಸಿದ ಬಿ.ಎಲ್. ರೈಸ್ ಅವರು 1892ರಲ್ಲಿ ಮೊಳಕಾಲ್ಮುರು ತಾಲ್ಲೂಕಿನ ಮೂರು ಶಾಸನಗಳನ್ನು ಬೆಳಕಿಗೆ ತಂದರು. ಮೌರ್ಯರ ಆಡಳಿತ ಕನ್ನಡ ನಾಡಿನವರೆಗೂ ವ್ಯಾಪಿಸಿತ್ತು ಎಂಬುದಕ್ಕೆ ಆಗ ನೇರ ಆಧಾರ ದೊರೆಯಿತು. ಶಿಲೆಯ ಮೇಲೆ ಅಶೋಕ ಎಂಬ ಹೆಸರು ಮೊದಲು ಕಂಡದ್ದು 1915ರಲ್ಲಿ, ಚಿನ್ನದ ಅದಿರು ಹುಡುಕುತ್ತಿದ್ದ ಎಂಜಿನಿಯರ್ ಸಿ. ಬೀಡನ್ ಗುರುತಿಸಿದ ರಾಯಚೂರು ಜಿಲ್ಲೆಯ ಮಸ್ಕಿ ಶಾಸನದಲ್ಲಿ. ಅಲ್ಲಿ ದೇವಾನಾಂಪ್ರಿಯನ ಜೊತೆಗೇ ಅಶೋಕನ ಹೆಸರಿತ್ತು. ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳಂ ಶಾಸನಗಳಲ್ಲಿಯೂ ಆ ಹೆಸರು ನಂತರ ದೊರೆಯಿತು. ಹೆಸರುಳ್ಳ ಶಾಸನಗಳಲ್ಲಿ ಹೆಚ್ಚಿನವು ಕರ್ನಾಟಕದಲ್ಲಿಯೇ ಇವೆ ಎಂಬುದು ನಾಡಿಗೆ ಹೆಮ್ಮೆಯ ವಿಷಯ. ಕಲಬುರಗಿ ಜಿಲ್ಲೆಯ ಸನ್ನತಿ ಸಮೀಪದ ಕನಗನಹಳ್ಳಿಯ ಸ್ತೂಪದಲ್ಲಿ ದೊರೆತ ಶಿಲ್ಪವೊಂದು ರಾಜ ದಂಪತಿಯನ್ನು ಚಿತ್ರಿಸಿ, ಅದರ ಮೇಲೆ ರಾಜ ಅಶೋಕನೆಂದು ಬರೆದಿದೆ. ಶಿಲ್ಪ ಅಶೋಕನ ನಂತರದ ಶತಮಾನಗಳದ್ದು. ಅವನು ಹೇಳಿಕೊಳ್ಳದಿದ್ದ ಹೆಸರನ್ನು ಪರರು ಕಾಪಾಡಿಕೊಂಡು ಬಂದಿದ್ದರು.

ತಳುಕಿನ ತ, ಕುಪ್ಪಳಿಯ ಕು

ಹೆಸರು ಮತ್ತು ಅಂಕಿತದ ಈ ಜಿಜ್ಞಾಸೆ ಕನ್ನಡ ಸಾಹಿತ್ಯಕ್ಕೆ ಹೊಸದಲ್ಲ. ನಂದಳಿಕೆಯ ಲಕ್ಷ್ಮೀನಾರಣಪ್ಪನು ಮುದ್ದಣನೆಂಬ ಹೆಸರಿನಲ್ಲಿ ಬರೆದು, ತನ್ನ ಕೃತಿಗಳನ್ನು ಹಳೆಯ ಕವಿಯವೆಂದು ನಂಬಿಸಿ ಮೈಸೂರಿಗೆ ಕಳುಹಿಸಿದ್ದನು. 1901ರಲ್ಲಿ ಕ್ಷಯರೋಗದಿಂದ ತೀರಿಕೊಂಡಾಗ ಅವನಿಗೆ ಇನ್ನೂ 31 ವರ್ಷ. ತಾನು ಬದುಕಿರುವಾಗ ಸಲ್ಲಬೇಕಿದ್ದ ಕೀರ್ತಿ ಅವನಿಗೆ ದಕ್ಕಲಿಲ್ಲ. ಮಾಸ್ತಿಯವರು ಶ್ರೀನಿವಾಸರಾದರು, ಬೇಂದ್ರೆಯವರು ತಾಯಿಯ ಹೆಸರನ್ನು ಸೇರಿಸಿಕೊಂಡು ಅಂಬಿಕಾತನಯದತ್ತರಾದರು. ಚಳ್ಳಕೆರೆ ತಾಲ್ಲೂಕಿನ ಬೆಳಗೆರೆಯ ಸೀತಾರಾಮ ಶಾಸ್ತ್ರಿಗಳು ಕ್ಷೀರಸಾಗರರಾದರು.

ಅದೇ ಚಳ್ಳಕೆರೆ ತಾಲ್ಲೂಕಿನ ತಳುಕು ಗ್ರಾಮದ ಮನೆತನವೊಂದು ಬೇರೆ ದಾರಿ ಹಿಡಿಯಿತು. ಕುವೆಂಪು ಅವರ ಗುರುಗಳಾಗಿದ್ದ ತಳುಕಿನ ಸುಬ್ಬಣ್ಣ ವೆಂಕಣ್ಣಯ್ಯನವರಾಗಲಿ, ಅವರ ತಮ್ಮನ ಮಗ, ದುರ್ಗಾಸ್ತಮಾನದ ಕರ್ತೃ ತಳುಕಿನ ರಾಮಸ್ವಾಮಯ್ಯ ಸುಬ್ಬರಾಯರಾಗಲಿ ಊರನ್ನು ಹೆಸರಿನ ಮುಂದೆಯೇ ಇಟ್ಟುಕೊಂಡರು. ತ.ರಾ.ಸು. ಎಂಬ ಮೂರು ಅಕ್ಷರಗಳಲ್ಲಿ ಊರು, ತಂದೆ, ತಾನು ಮೂವರೂ ಇದ್ದಾರೆ. ಕುವೆಂಪು ಎಂಬುದರಲ್ಲಿ ಕುಪ್ಪಳಿ ಇರುವಂತೆಯೇ ಇದು ಕಾವ್ಯನಾಮದಂತೆ ಕೇಳಿಸಿದರೂ ಮರೆಮಾಚುವ ಹೆಸರಲ್ಲ. ಬರೆದವನ ವಿಳಾಸ ಅದರೊಳಗೇ ಇದೆ.

ಅಂಕಿತನಾಮ ತಪ್ಪೆಂದಾಗಲಿ, ಸ್ವಂತ ಹೆಸರೇ ಸತ್ಯದ ಖಾತರಿಯೆಂದಾಗಲಿ ಅಶೋಕನ ಬದುಕಿನಿಂದ ತೀರ್ಮಾನಿಸಲಾಗದು. ಬಿರುದಿನಲ್ಲಿ ಬರೆಸಿದ ಅವನ ಮಾತುಗಳು ಸುಳ್ಳಾಗಿರಲಿಲ್ಲ. ಆದರೆ ಕಳಿಂಗದ ಹೊಣೆ ಯಾರದೆಂದು ಕೇಳಿದವರಿಗೆ ಶಾಸನ ಎರಡು ಸಾವಿರ ವರ್ಷ ಒಂದು ಬಿರುದನ್ನಷ್ಟೇ ತೋರಿಸಿತು. ಹೊಣೆ ಹೊತ್ತವನಿಗೊಂದು ಹೆಸರು ದೊರೆಯಲು ಮಸ್ಕಿಯ ಬಂಡೆಯವರೆಗೆ ಕಾಯಬೇಕಾಯಿತು. ಬ್ರಹ್ಮಗಿರಿಯ ಅಕ್ಷರಗುಂಡು ಇಂದು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ರಕ್ಷಣೆಯಲ್ಲಿದೆ. ನೋಡಲು ಹೋದವರಿಗೆ ಅದು ಅಶೋಕನ ಶಾಸನವೆಂದು ಪರಿಚಯವಾಗುತ್ತದೆ. ಆದರೆ ಆ ಬಂಡೆಯ ಮೇಲೆ ಕೊರೆದಿರುವ ಸ್ವಂತ ಹೆಸರು ಈಗಲೂ ಚಪಡನದೊಂದೇ.